ಬಸ್ ನಿಗಮಕ್ಕೆ ಹೊಸ ಈಆರ್‌ಪಿ ಆರಿಸಬೇಕು, ಕಂಪನಿಯವರನ್ನು ಏನು ಕೇಳಬೇಕು?

ಸವಿತಾ_ಲೆಕ್ಕಶಾಖೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಸರ್ಕಾರಿ ಬಸ್ ನಿಗಮದ ವಿಭಾಗ ಕಚೇರಿಯಲ್ಲಿ ಲೆಕ್ಕಶಾಖೆಯಲ್ಲಿದ್ದೇನೆ. ಯಾವ ನಿಗಮ, ಯಾವ ಊರು ಅಂತ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹಣಕಾಸು, ಖರೀದಿ, ಸ್ಟೋರ್ಸ್, ಸಂಬಳ, ವರ್ಕ್‌ಶಾಪ್ ಎಲ್ಲ ಒಂದೇ ಕಡೆ ಸಿಗುವ ಹಾಗೆ ಈಆರ್‌ಪಿ ಅನ್ನುವ ಹೊಸ ಸಾಫ್ಟ್‌ವೇರ್ ತರಬೇಕು ಅಂತ ನಮ್ಮಲ್ಲಿ ತೀರ್ಮಾನ ಆಗಿದೆ. ಆರಿಸುವ ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ. ಲೆಕ್ಕ ನನಗೆ ಚೆನ್ನಾಗಿ ಗೊತ್ತು, ಆದರೆ ಸಾಫ್ಟ್‌ವೇರ್ ಆರಿಸುವ ಕೆಲಸ ಇದೇ ಮೊದಲು.

ಈಗ ನಮ್ಮ ಪರಿಸ್ಥಿತಿ ಹೀಗಿದೆ. ಇಟಿಎಂ, ಅಂದರೆ ಕಂಡಕ್ಟರ್ ಕೈಯ ಟಿಕೆಟ್ ಯಂತ್ರದ ಲೆಕ್ಕ ಒಂದು ಕಂಪನಿಯ ಸರ್ವರ್‌ನಲ್ಲಿದೆ. ಸಂಬಳದ್ದು ಬಹಳ ಹಳೆಯ ಪ್ರೋಗ್ರಾಂ, ಅದನ್ನು ಬರೆದವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಏನಾದರೂ ಕೆಟ್ಟರೆ ಅವರ ಮನೆಗೇ ಫೋನ್ ಮಾಡುತ್ತೇವೆ. ಸ್ಟೋರ್ಸ್‌ಗೆ ಇನ್ನೊಂದು ಪ್ರೋಗ್ರಾಂ. ಡೀಸೆಲ್‌ಗೆ ಎಕ್ಸೆಲ್ ಶೀಟ್. ಟೈರ್‌ಗಂತೂ ದಪ್ಪ ರಿಜಿಸ್ಟರ್. ಒಂದೇ ಬಸ್ಸಿನ ನಂಬರನ್ನು ದಿನಕ್ಕೆ ನಾಲ್ಕು ಜನ ನಾಲ್ಕು ಕಡೆ ಟೈಪ್ ಮಾಡುತ್ತಾರೆ. ಈ ಬಸ್ಸಿಗೆ ಹೋದ ತಿಂಗಳು ಒಟ್ಟು ಎಷ್ಟು ಖರ್ಚಾಯಿತು ಅಂತ ಡಿಸಿ ಸಾಹೇಬರು (ವಿಭಾಗೀಯ ನಿಯಂತ್ರಣಾಧಿಕಾರಿ) ಕೇಳಿದರೆ ಎಲ್ಲ ಶಾಖೆಗೂ ಓಡಾಡಿ ಮೂರನೇ ದಿನ ಉತ್ತರ ಕೊಡುತ್ತೇವೆ, ಅಷ್ಟರಲ್ಲಿ ಆ ಬಸ್ಸು ಮತ್ತೆ ವರ್ಕ್‌ಶಾಪಿಗೆ ಬಂದಿರುತ್ತದೆ.

ಇದುವರೆಗೆ ನಾಲ್ಕು ಕಂಪನಿಯವರು ಬಂದು ಡೆಮೊ ಕೊಟ್ಟಿದ್ದಾರೆ. ನಾಲ್ಕೂ ಚೆನ್ನಾಗಿಯೇ ಕಂಡವು, ಅದೇ ನನ್ನ ಕಷ್ಟ. ಎಲ್ಲರೂ ಕಾರ್ಖಾನೆಯ ಉದಾಹರಣೆ ತೋರಿಸಿದರು. ಕಚ್ಚಾ ಮಾಲು ಬಂತು, ಸಾಮಾನು ತಯಾರಾಯಿತು, ಗಿರಾಕಿಗೆ ಹೋಯಿತು, ಬಿಲ್ ಆಯಿತು. ನಾನು ಒಂದೇ ಪ್ರಶ್ನೆ ಕೇಳಿದೆ: ನಮ್ಮಲ್ಲಿ ಚಾಲಕ-ಕಂ-ನಿರ್ವಾಹಕ ಅಂತ ಹುದ್ದೆ ಇದೆ, ಅದೇ ಮನುಷ್ಯ ಇವತ್ತು ಸ್ಟೇರಿಂಗ್ ಹಿಡಿಯುತ್ತಾನೆ, ನಾಳೆ ಟಿಕೆಟ್ ಕೊಡುತ್ತಾನೆ, ನಿಮ್ಮಲ್ಲಿ ಅದನ್ನು ಹೇಗೆ ಹಾಕುತ್ತೀರಿ? ಒಬ್ಬ ನೌಕರನಿಗೆ ಒಂದೇ ಹುದ್ದೆ ಮೇಡಂ, ಬೇಕಿದ್ದರೆ ಆಮೇಲೆ ಮಾಡಿಕೊಡುತ್ತೇವೆ ಅಂದರು. ಈ "ಆಮೇಲೆ ಮಾಡಿಕೊಡುತ್ತೇವೆ" ಅನ್ನುವುದಕ್ಕೆ ಬೆಲೆ ಎಷ್ಟು ಅಂತ ಯಾರೂ ಹೇಳಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಎಲ್ಲ ಒಂದೇ ಪ್ಯಾಕೇಜ್‌ನಲ್ಲಿ ಇರಲೇಬೇಕಾ? ದೊಡ್ಡ ಕಂಪನಿಯದ್ದೇ ತಗೋಬೇಕಾ, ಓಪನ್ ಸೋರ್ಸ್ ಸಾಕಾ? ಇನ್ನೊಂದು, ನಿಜಕ್ಕೂ ನಮ್ಮ ಕೆಲಸ ಮಾಡುತ್ತದೋ ಇಲ್ಲವೋ ಅಂತ ಕೊಳ್ಳುವ ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ. ತಪ್ಪು ಆರಿಸಿದರೆ ಅದನ್ನು ಅನುಭವಿಸುವವರು ಡಿಪೋದ ಹುಡುಗರು.

ನಿವೃತ್ತ_ಡಿಎಂ

ಮೇಡಂ, ನಾನು ಟ್ರಾಫಿಕ್ ಕಡೆ ಸೇರಿ, ಡಿಪೋ ಮ್ಯಾನೇಜರ್ ಆಗಿ ನಿವೃತ್ತನಾದವನು. ಸಾಫ್ಟ್‌ವೇರ್ ಒಳಗಿನ ವಿಷಯ ಐಟಿಯವರು ಹೇಳಲಿ, ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇದೆ. ಕಂಪನಿಯವರು ತಂದ ಉದಾಹರಣೆ ನೋಡಬೇಡಿ. ನಿಮ್ಮ ಡಿಪೋದ ಒಂದು ಕೆಟ್ಟ ರಾತ್ರಿಯನ್ನು ಅವರ ಕೈಗೆ ಕೊಟ್ಟು, ಇದನ್ನು ಎಂಟ್ರಿ ಮಾಡಿ ತೋರಿಸಿ ಅನ್ನಿ.

ಎಂಥ ರಾತ್ರಿ ಅಂತ ಹೇಳುತ್ತೇನೆ. ಹುಬ್ಬಳ್ಳಿಯಿಂದ ರಾತ್ರಿ ಒಂಬತ್ತಕ್ಕೆ ಬೆಂಗಳೂರಿಗೆ ಹೊರಟ ಬಸ್ಸು. ಚಿತ್ರದುರ್ಗ ದಾಟಿತು, ಹಿರಿಯೂರು ಇನ್ನೂ ಬಂದಿಲ್ಲ, ಫ್ಯಾನ್ ಬೆಲ್ಟ್ ತುಂಡಾಯಿತು, ಇಂಜಿನ್ ಕಾದು ಹೋಯಿತು. ರಾತ್ರಿ ಎರಡು ಗಂಟೆ ಇರಬಹುದು. ಡ್ರೈವರ್ ಪಕ್ಕಕ್ಕೆ ಹಾಕಿ, ಬೇಲಿಯಲ್ಲಿ ಸಿಕ್ಕ ಸೊಪ್ಪಿನ ಕೊಂಬೆ ಮುರಿದು ಬಸ್ಸಿನ ಹಿಂದೆ ರಸ್ತೆಯ ಮೇಲೆ ಇಡುತ್ತಾನೆ. ಕಂಡಕ್ಟರ್ ಟಾರ್ಚ್ ಹಿಡಿದು ಹಿಂದಿನಿಂದ ಬರುವ ನಮ್ಮ ಬಸ್ಸುಗಳಿಗೆ ಕೈ ಮಾಡುತ್ತಾನೆ. ಒಂದರಲ್ಲಿ ಹನ್ನೆರಡು ಜನ ಹತ್ತಿದರು, ಇನ್ನೊಂದರಲ್ಲಿ ಎಂಟು, ಮಕ್ಕಳಿರುವ ಒಂದು ಸಂಸಾರ ಮೂರನೆಯದರಲ್ಲಿ. ಅದರಲ್ಲಿ ಒಂದು ಬಸ್ಸು ನಮ್ಮ ಡಿಪೋದ್ದು, ಎರಡು ಬೇರೆ ವಿಭಾಗದ್ದು. ಯಾವ ಬಸ್ಸಿಗೆ ಎಷ್ಟು ಜನ ಅಂತ ಕಂಡಕ್ಟರ್ ಆ ಟಾರ್ಚ್ ಬೆಳಕಿನಲ್ಲೇ ವೇಬಿಲ್ (ಆ ಟ್ರಿಪ್ಪಿನ ಟಿಕೆಟ್ ಲೆಕ್ಕದ ಹಾಳೆ) ಹಿಂದುಗಡೆ ಬರೆದುಕೊಳ್ಳುತ್ತಾನೆ. ಹತ್ತಿರದ ಡಿಪೋದಿಂದ ಮೆಕ್ಯಾನಿಕ್ ಬೆಲ್ಟ್ ತಗೊಂಡು ಬರುತ್ತಾನೆ. ನಾಲ್ಕೂವರೆಗೆ ಬಸ್ಸು ಹೊರಡುತ್ತದೆ, ಖಾಲಿ. ಬೆಂಗಳೂರು ಮುಟ್ಟುವಾಗ ಬೆಳಗ್ಗೆ ಎಂಟು. ಅಲ್ಲಿ ಬೇರೆ ಡಿಪೋದ ಬಂಕ್‌ನಲ್ಲಿ ಡೀಸೆಲ್ ಹಾಕಿಸುತ್ತಾರೆ. ಅದೇ ಡ್ರೈವರ್ ಅದೇ ರಾತ್ರಿ ವಾಪಸ್ ಗಾಡಿ ತರಬೇಕು.

ಈಗ ಕಂಪನಿಯವರನ್ನು ಕೇಳಿ. ಬೆಲ್ಟ್ ಕೊಟ್ಟಿದ್ದು ಒಂದು ಡಿಪೋ, ಬಸ್ಸು ಇನ್ನೊಂದು ಡಿಪೋದ್ದು. ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ? ಆ ಬಸ್ಸಿಗೆ ಹಿಂದಿನ ಬೆಲ್ಟ್ ಹಾಕಿದ್ದು ಯಾವಾಗ, ಅದು ಎಷ್ಟು ಕಿಲೋಮೀಟರ್ ಓಡಿತು? ಆ ಖಾಲಿ ಓಡಿದ ಕಿಲೋಮೀಟರ್ ಇಪಿಕೆಎಂ (ಕಿಲೋಮೀಟರಿಗೆ ಬಂದ ಆದಾಯ) ಲೆಕ್ಕದಲ್ಲಿ ಹೇಗೆ ಬರುತ್ತದೆ? ರಸ್ತೆಯಲ್ಲಿ ಕಳೆದ ಎರಡೂವರೆ ಗಂಟೆ ಡ್ರೈವರ್, ಕಂಡಕ್ಟರ್ ಇಬ್ಬರ ಡ್ಯೂಟಿಗೂ ಸೇರಿತಾ? ಡ್ರೈವರ್‌ಗೆ ಸಾಕಷ್ಟು ವಿಶ್ರಾಂತಿ ಸಿಗಲಿಲ್ಲ ಅಂತ ಸಿಸ್ಟಂ ಸಂಜೆಯೊಳಗೆ ಎಚ್ಚರಿಸುತ್ತದಾ, ಇಲ್ಲ ತಿಂಗಳ ಕೊನೆಯ ರಿಪೋರ್ಟಿನಲ್ಲಿ ಹೇಳುತ್ತದಾ? ಬೇರೆ ಕಡೆ ಹಾಕಿದ ಡೀಸೆಲ್ ಸೇರಿಸಿ ಆ ದಿನದ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿಲೋಮೀಟರ್) ಸರಿಯಾಗಿ ಬಂತಾ? ಕೆಎಂಪಿಎಲ್ ಕಡಿಮೆ ಬಂದರೆ ಡ್ರೈವರ್‌ನನ್ನು ಕರೆದು ಕೇಳುತ್ತೇವೆ ಅಲ್ವಾ, ಹಾಗಾಗಿ ಅಲ್ಲಿ ತಪ್ಪಾಗಬಾರದು. ಮಾಡದ ತಪ್ಪಿಗೆ ಮೆಮೊ ತಗೊಂಡು ಕಣ್ಣಲ್ಲಿ ನೀರು ಹಾಕಿದ ಡ್ರೈವರ್‌ಗಳನ್ನು ನಾನು ನೋಡಿದ್ದೇನೆ, ಆಮೇಲೆ ನೋಡಿದರೆ ಪಂಪಿನ ಎಂಟ್ರಿ ಇನ್ನೊಂದು ಗಾಡಿಗೆ ಬಿದ್ದಿತ್ತು.

ಇನ್ನೊಂದು ಮಾತು. ಎಂಟ್ರಿ ಮಾಡುವಾಗ ಕೀಬೋರ್ಡ್ ಮುಂದೆ ಕಂಪನಿಯ ಹುಡುಗ ಕೂರಬಾರದು. ನಿಮ್ಮ ಡಿಪೋದ ನೈಟ್ ಶಿಫ್ಟ್ ಗುಮಾಸ್ತ ಕೂರಬೇಕು. ಅದೂ ಕಾನ್ಫರೆನ್ಸ್ ಹಾಲ್‌ನಲ್ಲಿ ಬೇಡ, ಡಿಪೋದ ಕ್ಯಾಶ್ ಕೌಂಟರ್‌ನಲ್ಲೇ, ರಾತ್ರಿ ಹನ್ನೊಂದರ ಹೊತ್ತಿಗೆ. ಆ ಹೊತ್ತಿಗೆ ಹಳ್ಳಿ ರೂಟಿನ ಬಸ್ಸುಗಳೆಲ್ಲ ಒಟ್ಟಿಗೆ ಬಂದಿರುತ್ತವೆ, ಕಂಡಕ್ಟರ್‌ಗಳು ಚೀಲ ಹಿಡಿದು ಸಾಲು ನಿಂತಿರುತ್ತಾರೆ, ಅರ್ಧ ಜನ ಊಟ ಮಾಡಿರುವುದಿಲ್ಲ, ಬೆಳಗ್ಗೆ ಐದಕ್ಕೆ ಮತ್ತೆ ಡ್ಯೂಟಿ. ಒಬ್ಬೊಬ್ಬರಿಗೆ ಎಂಟು ಸ್ಕ್ರೀನ್ ತೆರೆಯಬೇಕಾದರೆ ಆ ಸಾಲು ಒಂದು ಗಂಟೆಗೂ ಮುಗಿಯುವುದಿಲ್ಲ. ನೆಟ್ ಹೋದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಕೇಳುವುದೇಕೆ, ಅಲ್ಲೇ ಕೇಬಲ್ ಕಿತ್ತು ನೋಡಿ.

ಕೋಡ್_ಮತ್ತು_ಕಾಫಿ

ಮೇಲಿನ ಸರ್ ಹೇಳಿದ ಪರೀಕ್ಷೆಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಬೇಕು. ನಾನು ಬೇರೆ ಬೇರೆ ಸಂಸ್ಥೆಗಳಲ್ಲಿ ಈಆರ್‌ಪಿ ಕೂರಿಸುವ ಕೆಲಸ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ.

ಮೊದಲನೆಯದಾಗಿ ಎಲ್ಲ ಒಂದೇ ಪ್ಯಾಕೇಜ್‌ನಲ್ಲಿ ಬೇಡ. ಲೆಡ್ಜರ್, ಖರೀದಿ, ಸ್ಟೋರ್ಸ್, ಆಸ್ತಿ ಲೆಕ್ಕ, ಸಿಬ್ಬಂದಿ ಮತ್ತು ಸಂಬಳ, ಇವು ಈಆರ್‌ಪಿಯ ಕೆಲಸ. ಟಿಕೆಟ್ ಯಂತ್ರ, ಮುಂಗಡ ಬುಕಿಂಗ್, ಬಸ್ ಎಲ್ಲಿದೆ ಅಂತ ತೋರಿಸುವ ವಿಟಿಎಸ್, ಇವು ಬೇರೆ. ಶೆಡ್ಯೂಲ್ ಮತ್ತು ಡ್ಯೂಟಿ ಹಾಕುವುದಂತೂ ಪೂರ್ತಿ ಬೇರೆಯದೇ ವಿದ್ಯೆ. ಕೆನಡಾದ ಮಾಂಟ್ರಿಯಲ್‌ನ ಜೈರೋ ಕಂಪನಿಯ ಹ್ಯಾಸ್ಟಸ್ ಅನ್ನುವ ಸಾಫ್ಟ್‌ವೇರ್ ಇದೆ, ಜಗತ್ತಿನ ಎಷ್ಟೋ ದೊಡ್ಡ ಊರುಗಳಲ್ಲಿ ಬಸ್ಸಿನ ಶೆಡ್ಯೂಲ್ ಹಾಕುವುದಕ್ಕೆ ಅದನ್ನು ಬಳಸುತ್ತಾರೆ, ಅವರು ಹತ್ತಾರು ವರ್ಷದಿಂದ ಮಾಡುತ್ತಿರುವ ಕೆಲಸ ಅದು. ಅಂಥ ಕೆಲಸವನ್ನು ಈಆರ್‌ಪಿ ಕಂಪನಿಯವರು ನಾವೂ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಬೇರೆ ಸಿಸ್ಟಂನಿಂದ ಡೇಟಾ ತಗೋತೀರಾ, ಯಾವ ರೂಪದಲ್ಲಿ, ದಿನಕ್ಕೆ ಎಷ್ಟು ಸಲ, ಅರ್ಧ ಬಂದು ನಿಂತರೆ ಏನಾಗುತ್ತದೆ, ಅಷ್ಟನ್ನು ಬಿಡಿಸಿ ಕೇಳಿ. ಬಸ್ ನಂಬರ್, ನೌಕರರ ನಂಬರ್, ಶೆಡ್ಯೂಲ್ ನಂಬರ್ ಈ ಮೂರೂ ಎಲ್ಲ ಕಡೆ ಒಂದೇ ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ದೊಡ್ಡ ಕಂಪನಿಯದ್ದಾ, ಓಪನ್ ಸೋರ್ಸಾ? ಎಸ್‌ಎಪಿ, ಒರಾಕಲ್, ಮೈಕ್ರೋಸಾಫ್ಟ್ ಡೈನಾಮಿಕ್ಸ್ ಮೂರೂ ಗಟ್ಟಿ ಸರಕು, ಆದರೆ ಸಾಮಾನ್ಯವಾಗಿ ಬಳಸುವ ಜನರ ಲೆಕ್ಕದಲ್ಲಿ ಲೈಸೆನ್ಸ್ ಬೆಲೆ. ನಿಮ್ಮಲ್ಲಿ ದಿನಕ್ಕೆ ನಾಲ್ಕೇ ಎಂಟ್ರಿ ಮಾಡುವ ಮೆಕ್ಯಾನಿಕ್‌ಗಳು ರಾಶಿ ಇದ್ದಾರೆ, ಅವರಿಗೆಲ್ಲ ಲೈಸೆನ್ಸ್ ಕೊಡದೆ ಒಬ್ಬ ಗುಮಾಸ್ತನಿಂದ ಎಲ್ಲರ ಎಂಟ್ರಿ ಮಾಡಿಸಿದರೆ ಮತ್ತೆ ಹಳೆ ಕಥೆಯೇ. ಮುಂಬೈಯ ಫ್ರಾಪೆ ಕಂಪನಿ ಮಾಡಿದ ಈಆರ್‌ಪಿನೆಕ್ಸ್ಟ್ ಓಪನ್ ಸೋರ್ಸ್, ಅದಕ್ಕೆ ತಲೆ ಲೆಕ್ಕದ ಲೈಸೆನ್ಸ್ ಇಲ್ಲ. ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಿ ಅಂತ ಕೇಂದ್ರ ಸರ್ಕಾರ 2015ರಲ್ಲೇ ನೀತಿ ಮಾಡಿದೆ. ಆದರೆ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕರೂ ನೋಡಿಕೊಳ್ಳುವವರು ಪುಕ್ಕಟೆ ಸಿಗುವುದಿಲ್ಲ. ನಿಮ್ಮ ನಿಗಮದ ಒಳಗೇ ಅದನ್ನು ಬಲ್ಲ ನಾಲ್ಕೈದು ಜನ ಕಾಯಂ ಇರಬೇಕು. ಅಷ್ಟು ಜನರನ್ನು ಕೊಡುತ್ತೇವೆ ಅಂತ ಮೇಲಿನವರು ಬರೆದುಕೊಟ್ಟರೆ ನಾನು ಓಪನ್ ಸೋರ್ಸ್ ಅನ್ನುತ್ತೇನೆ. ಕೊಡದಿದ್ದರೆ ಬೇಡ.

ಪ್ಯಾಕೇಜನ್ನು ನಮ್ಮ ಹಳೆಯ ಅಭ್ಯಾಸಕ್ಕೆ ತಕ್ಕ ಹಾಗೆ ತಿದ್ದಿಸುವ ಆಸೆ ಎಲ್ಲರಿಗೂ ಬರುತ್ತದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಪಾಲಿಕೆ ಹಳೆಯ ಎಸ್‌ಎಪಿ ಬಿಟ್ಟು 2022ರ ಏಪ್ರಿಲ್‌ನಲ್ಲಿ ಒರಾಕಲ್‌ಗೆ ಹೋಯಿತು. ಬ್ಯಾಂಕ್ ಲೆಕ್ಕ ತಾಳೆ ನೋಡುವ ಭಾಗವನ್ನು ತಮಗೆ ಬೇಕಾದ ಹಾಗೆ ತಿದ್ದಿಸಿಕೊಂಡಿದ್ದರು, ಅದೇ ಕೈಕೊಟ್ಟಿತು. ಯಾವ ಹಣ ಎಲ್ಲಿಂದ ಬಂತು ಅಂತ ಹೊಂದಿಸುವುದಕ್ಕೆ ಆಗಲಿಲ್ಲ. ಸುಮಾರು 2 ಕೋಟಿ ಪೌಂಡ್‌ನಲ್ಲಿ ಮುಗಿಯಬೇಕಿದ್ದ ಖರ್ಚಿನ ಅಂದಾಜು ಮುಂದೆ 10 ಕೋಟಿ ದಾಟಿತು. ಹಾಗಾಗಿ ಲೆಕ್ಕ ಮತ್ತು ಖರೀದಿಯಲ್ಲಿ ಪ್ಯಾಕೇಜ್ ಹೇಗಿದೆಯೋ ಹಾಗೇ ನಡೆಯಿರಿ, ನಮ್ಮ ಫಾರಂ ಬದಲಾದರೆ ಬದಲಾಗಲಿ. ಡ್ಯೂಟಿ, ಭತ್ಯೆ, ಓಟಿ (ಓವರ್‌ಟೈಮ್) ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ, ಯಾಕೆಂದರೆ ಅದು ಬರೀ ಅಭ್ಯಾಸ ಅಲ್ಲ, ಕಾನೂನು ಮತ್ತು ಒಪ್ಪಂದ.

ಆ ಕಾನೂನೂ ನಿಂತ ನೀರಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತಿತ್ತು. ಸಂಸತ್ತು 2020ರಲ್ಲಿ ಪಾಸು ಮಾಡಿದ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆಯನ್ನೂ ಸೇರಿಸಿದರು. ಸರ್ಕಾರದ ಯೋಜನೆಗಳೂ ಹಾಗೇ, ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ನೆನಪಿಸಿಕೊಳ್ಳಿ. 2023ರ ಜೂನ್ 2ಕ್ಕೆ ದಿನಾಂಕ ಘೋಷಣೆ ಆಯಿತು, ಜೂನ್ 11ಕ್ಕೆ ಮಹಿಳೆಯರು ಶೂನ್ಯ ಟಿಕೆಟ್ ಹಿಡಿದು ಬಸ್ ಹತ್ತಿದರು. ನಡುವೆ ಒಂಬತ್ತು ದಿನ. ಟಿಕೆಟ್ಟಿನಲ್ಲಿ ಸೊನ್ನೆ, ಆದರೆ ಅದರ ಬೆಲೆಯನ್ನು ಸರ್ಕಾರದಿಂದ ಕೇಳಿ ಪಡೆಯಬೇಕು, ಅಂದರೆ ಲೆಕ್ಕದಲ್ಲಿ ಸೊನ್ನೆ ಅಲ್ಲ. ಎಲೆಕ್ಟ್ರಿಕ್ ಬಸ್ಸುಗಳದ್ದು ಇನ್ನೊಂದು ಥರ. ಬಿಎಂಟಿಸಿಯಲ್ಲಿ ಇರುವ ಹಾಗೆ ಗುತ್ತಿಗೆಯಲ್ಲಿ ಬಂದರೆ ಬಸ್ಸು ಮತ್ತು ಡ್ರೈವರ್ ಕಂಪನಿಯದು, ಕಂಡಕ್ಟರ್ ನಿಗಮದವರು, ಹಣ ಕೊಡುವುದು ಕಿಲೋಮೀಟರ್ ಲೆಕ್ಕದಲ್ಲಿ. ಅಲ್ಲಿ ನಿಮ್ಮ ಡೀಸೆಲ್ ಪುಟಕ್ಕೆ ಕೆಲಸವೇ ಇಲ್ಲ. ಇಂಥ ಬದಲಾವಣೆ ಬಂದಾಗ ನಿಮ್ಮ ಸಿಬ್ಬಂದಿಯೇ ಒಂದು ಟೇಬಲ್ ತಿದ್ದಿ ಮುಗಿಸಬಹುದಾ, ಇಲ್ಲ ಪ್ರತಿ ಸಲ ಕಂಪನಿಗೆ ಸಿಆರ್ (ಬದಲಾವಣೆಯ ಕೋರಿಕೆ) ಹಾಕಿ ಹಣ ಕಟ್ಟಬೇಕಾ? ಡೆಮೊದಲ್ಲೇ ಒಂದು ನಿಯಮ ಬದಲಿಸಿ ತೋರಿಸಿ ಅನ್ನಿ.

ಟೆಂಡರ್ ವಿಷಯ ಕೊನೆಗೆ. ನಮ್ಮ ರಾಜ್ಯದಲ್ಲಿ ಇಂಥ ಖರೀದಿ ಎಲ್ಲ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತದೆ. ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆ ಪಾಸಾದ ಮೇಲೆ ಬೆಲೆಯ ಲಕೋಟೆ ತೆರೆಯುತ್ತಾರೆ, ಅಲ್ಲಿ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ, ಬಂದವರಿಗೆ ಕೆಲಸ. ಆದ್ದರಿಂದ ಮೇಲಿನ ಸರ್ ಹೇಳಿದ ರಾತ್ರಿಯ ಪರೀಕ್ಷೆಯನ್ನು ಟೆಂಡರ್ ಕಾಗದದಲ್ಲೇ, ತಾಂತ್ರಿಕ ಹಂತದಲ್ಲೇ, ಪಾಸಾಗಲೇಬೇಕಾದ ಷರತ್ತು ಅಂತ ಬರೆಸಿ. ಸಿಆರ್ ಒಂದಕ್ಕೆ ದಿನಕ್ಕೆ ಎಷ್ಟು ದರ ಅನ್ನುವುದನ್ನೂ ಬೆಲೆಯ ಲಕೋಟೆಯಲ್ಲೇ ಕೇಳಿ. ಗುತ್ತಿಗೆ ಮುಗಿದ ದಿನ ನಮ್ಮ ಡೇಟಾ ಪೂರ್ತಿ, ಓದಲು ಬರುವ ರೂಪದಲ್ಲಿ, ನಮ್ಮ ಕೈಗೆ ಬರಬೇಕು ಅಂತಲೂ ಇರಲಿ. ಕಾಗದದಲ್ಲಿ ಇಲ್ಲದ್ದನ್ನು ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಸವಿತಾ_ಲೆಕ್ಕಶಾಖೆ

ಇಬ್ಬರಿಗೂ ತುಂಬಾ ಧನ್ಯವಾದ. ಹಿರಿಯೂರು ರಾತ್ರಿಯ ಕಥೆಯನ್ನು ನಮ್ಮ ಡಿಎಂಇ (ವಿಭಾಗದ ಮೆಕ್ಯಾನಿಕಲ್ ಇಂಜಿನಿಯರ್) ಸಾಹೇಬರಿಗೆ ಓದಿ ಹೇಳಿದೆ. ಇಂಥವು ನಮ್ಮಲ್ಲಿ ವಾರಕ್ಕೊಂದು ಇರುತ್ತವೆ, ಕಾಗದ ಎಲ್ಲ ಇದೆ, ತೆಗೆಸಿ ಕೊಡುತ್ತೇನೆ ಅಂದರು.

ಇನ್ನೊಂದು ಚಿಂತೆ ಇದೆ. ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರುವಾಗುತ್ತದೆ, ಅವತ್ತೇ ಎಲ್ಲ ಡಿಪೋಗಳಲ್ಲಿ ಒಟ್ಟಿಗೆ ಹೊಸದನ್ನು ಹಾಕಿ ಹಳೆಯದನ್ನು ನಿಲ್ಲಿಸಿಬಿಡೋಣ ಅಂತ ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಲೆಕ್ಕದ ದೃಷ್ಟಿಯಿಂದ ನನಗೂ ಸುಲಭವೇ, ಆದರೂ ಸಂಬಳದ ವಿಷಯಕ್ಕೆ ಬಂದರೆ ಭಯ ಆಗುತ್ತದೆ. ಹಳೆ ಸಂಬಳ ಶಾಖೆಯ ಮೂವರನ್ನು ಬೇರೆ ಕಡೆ ಹಾಕುವ ಮಾತೂ ನಡೆದಿದೆ.

ಒಟ್ಟಾವಾ_ಕನ್ನಡಿಗ

ಸವಿತಾ ಅವರೇ, ದಯವಿಟ್ಟು ಆ ಮೂವರನ್ನು ಎಲ್ಲಿಗೂ ಕಳಿಸಬೇಡಿ. ಇದನ್ನು ಕೈ ಮುಗಿದು ಹೇಳುತ್ತಿದ್ದೇನೆ.

ನಾನಿರುವ ಈ ಊರಿನಲ್ಲಿ ಫೀನಿಕ್ಸ್ ಅನ್ನುವ ಹೆಸರು ಗೊತ್ತಿಲ್ಲದ ಸರ್ಕಾರಿ ನೌಕರ ಸಿಗುವುದಿಲ್ಲ. ಕೆನಡಾದ ಕೇಂದ್ರ ಸರ್ಕಾರ 2016ರಲ್ಲಿ ತನ್ನ ನೌಕರರ ಸಂಬಳಕ್ಕೆ ತಂದ ಸಿಸ್ಟಂ ಅದು. ನಲವತ್ತು ವರ್ಷದ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರು. ಅದಕ್ಕೂ ಮೊದಲೇ ಬೇರೆ ಬೇರೆ ಇಲಾಖೆಗಳಲ್ಲಿದ್ದ ಸುಮಾರು 1,200 ಸಂಬಳ ಸಿಬ್ಬಂದಿಯ ಹುದ್ದೆ ತೆಗೆದು, ದೂರದ ಮಿರಮಿಶಿ ಅನ್ನುವ ಊರಿನಲ್ಲಿ 550 ಜನರ ಒಂದು ಕೇಂದ್ರ ಮಾಡಿದರು. ಯಾರಿಗೆ ಯಾವ ಭತ್ಯೆ, ಯಾವ ಒಪ್ಪಂದದಲ್ಲಿ ಏನಿದೆ ಅನ್ನುವುದು ಆ ಹಳಬರ ತಲೆಯಲ್ಲಿತ್ತು, ಅವರ ಜೊತೆ ಅದೂ ಹೋಯಿತು. ಖರ್ಚು ಹಿಡಿತದಲ್ಲಿ ಇಡಬೇಕು ಅಂತ ಹಿಂಬಾಕಿ ಲೆಕ್ಕ ಹಾಕುವಂಥ ಮುಖ್ಯ ಭಾಗಗಳನ್ನೇ ಕೈಬಿಟ್ಟರು. ಒಂದು ಇಲಾಖೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡುವ ಯೋಜನೆ ಇತ್ತು, ಅದನ್ನೂ ರದ್ದು ಮಾಡಿದರು. ಇದೆಲ್ಲ ಆಮೇಲೆ ಇಲ್ಲಿನ ಮಹಾಲೇಖಪಾಲರ ವರದಿಯಲ್ಲೇ ಬಂತು. ಕೆಲವರಿಗೆ ತಿಂಗಳುಗಟ್ಟಲೆ ಸಂಬಳ ಸರಿಯಾಗಿ ಬರಲಿಲ್ಲ. ಕೆಲವರಿಗೆ ಜಾಸ್ತಿ ಬಂದು ಆಮೇಲೆ ವಾಪಸ್ ಕಟ್ಟಿ ಅಂದರು. ಮನೆ ಸಾಲದ ಕಂತು ಕಟ್ಟಲಾಗದೆ ಒದ್ದಾಡಿದವರಿದ್ದಾರೆ.

ಏಪ್ರಿಲ್ 1 ಲೆಡ್ಜರ್‌ಗೆ ಸರಿ. ಸಂಬಳಕ್ಕೆ ಒಂದೇ ಡಿಪೋ ತಗೊಳ್ಳಿ, ಅದೂ ಓಟಿ, ನೈಟ್ ಔಟ್ (ರಾತ್ರಿ ಹೊರಗೆ ತಂಗುವ ಡ್ಯೂಟಿ), ವರ್ಗಾವಣೆ ಎಲ್ಲ ಜಾಸ್ತಿ ಇರುವ ಡಿಪೋ. ಹಳೆಯದರಲ್ಲೂ ಹೊಸದರಲ್ಲೂ ಸಂಬಳ ಲೆಕ್ಕ ಹಾಕಿ, ಹಣ ಹಳೆಯದರ ಪ್ರಕಾರ ಕೊಡಿ, ಎರಡರ ನಡುವೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಯಾಕೆ ಅಂತ ಆ ಮೂವರೇ ಹುಡುಕಲಿ. ಮೂರು ತಿಂಗಳು ಸತತವಾಗಿ ತಾಳೆಯಾದ ಮೇಲೆ ಮುಂದಿನ ಡಿಪೋ. ತಡ ಆಗುತ್ತದೆ ಅಂತ ಯಾರಾದರೂ ಅಂದರೆ, ಡ್ರೈವರ್ ಮನೆಯಲ್ಲಿ ಒಂದು ತಿಂಗಳು ಅರ್ಧ ಸಂಬಳ ಬಂದರೆ ಏನಾಗುತ್ತದೆ ಅಂತ ಅವರನ್ನೇ ಕೇಳಿ. ನನ್ನ ತಂದೆ ಬಸ್ ಡ್ರೈವರ್ ಆಗಿದ್ದರು, ಅದಕ್ಕೇ ಇಷ್ಟು ಹೇಳಿದೆ.

ಸ್ಟೋರ್ಸ್_ಅಕ್ಕ

ಸ್ಟೋರ್ಸ್ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ನಾನೂ ಇಂಥದ್ದೇ ಒಂದು ಸಂಸ್ಥೆಯ ಸ್ಟೋರ್ಸ್‌ನಲ್ಲಿ ಇದ್ದೇನೆ. ನಮ್ಮಲ್ಲಿ ಹೊಸ ಸಿಸ್ಟಂ ಬಂದಾಗ ಹಳೆಯ ಪಟ್ಟಿಯನ್ನು ಹಾಗೇ ಎತ್ತಿ ಹಾಕಿಬಿಟ್ಟರು. ಒಂದೇ ಫ್ಯಾನ್ ಬೆಲ್ಟ್ ಮೂರು ಹೆಸರಲ್ಲಿ ಇತ್ತು. ಒಂದು ಕಡೆ "ಫ್ಯಾನ್ ಬೆಲ್ಟ್", ಇನ್ನೊಂದು ಕಡೆ "ಬೆಲ್ಟ್ ಫ್ಯಾನ್", ಮತ್ತೊಂದು ಕಡೆ ಬರೀ ಪಾರ್ಟ್ ನಂಬರ್. ಸಿಸ್ಟಂ ಮೊದಲನೆಯ ಹೆಸರು ನೋಡಿ ಸ್ಟಾಕ್ ಇಲ್ಲ ಅಂತು, ಇಂಡೆಂಟ್ (ಖರೀದಿ ಬೇಡಿಕೆ) ಹೋಯಿತು, ಮಾಲು ಬಂತು. ರ‍್ಯಾಕ್‌ನಲ್ಲಿ ನೋಡಿದರೆ ಹಳೆಯವು ಧೂಳು ಹಿಡಿದು ಕೂತಿದ್ದವು, ರಬ್ಬರ್ ಬಿರುಕು ಬಿಟ್ಟಿತ್ತು. ಯಾರ ದುಡ್ಡು ಅದು, ಜನರ ದುಡ್ಡು ಅಲ್ವಾ?

ಸಾಫ್ಟ್‌ವೇರ್ ಬರುವ ಮೊದಲೇ ರ‍್ಯಾಕ್ ಮುಂದೆ ನಿಂತು ಎಣಿಸಿ. ಒಂದು ಸಾಮಾನಿಗೆ ಒಂದೇ ನಂಬರ್. ಎಎಸ್‌ಆರ್‌ಟಿಯು (ಸಾರಿಗೆ ನಿಗಮಗಳ ಒಕ್ಕೂಟ) ರೇಟ್ ಕಾಂಟ್ರಾಕ್ಟ್‌ನಲ್ಲಿ ಬರುವ ಸಾಮಾನಿದ್ದರೆ ಆ ಹೆಸರಿನ ಜೊತೆ ಹೊಂದಿಸಿ ಇಟ್ಟುಕೊಳ್ಳಿ, ಖರೀದಿಯವರಿಗೆ ಸುಲಭ. ರೀಟ್ರೆಡ್ ಆಗಿ (ಮೇಲೆ ಹೊಸ ರಬ್ಬರ್ ಹಾಕಿಸಿ) ಬಂದ ಟೈರ್, ರಿಕಂಡೀಷನ್ ಆಗಿ ಬಂದ ಇಂಜಿನ್, ಇವನ್ನು ಹೇಗೆ ತೋರಿಸುತ್ತೀರಿ ಅಂತ ಕಂಪನಿಯವರನ್ನು ಕೇಳಿ. ಹೊಸದೂ ಅಲ್ಲ, ಗುಜರಿಯೂ ಅಲ್ಲ. ಒಂದು ಟೈರ್ ಈ ಬಸ್ಸಿನ ಮುಂದಿನ ಚಕ್ರದಿಂದ ಬಿಚ್ಚಿ, ರೀಟ್ರೆಡ್‌ಗೆ ಹೋಗಿ ಬಂದು, ಬೇರೆ ಬಸ್ಸಿನ ಹಿಂದಿನ ಚಕ್ರಕ್ಕೆ ಹೋದರೂ ಅದರ ನಂಬರ್ ಹಿಡಿದರೆ ಒಟ್ಟು ಎಷ್ಟು ಓಡಿತು ಅಂತ ಗೊತ್ತಾಗಬೇಕು. ನಮ್ಮ ದಪ್ಪ ರಿಜಿಸ್ಟರ್ ಆ ಕೆಲಸ ಮಾಡುತ್ತಿತ್ತು. ಹೊಸ ಸಿಸ್ಟಂ ಮಾಡಲಿಲ್ಲ, ಹಾಗಾಗಿ ರಿಜಿಸ್ಟರ್ ಇನ್ನೂ ಇದೆ.

ಆಮೇಲೆ ಕನ್ನಡ. ನಮ್ಮ ಹಳೆಯ ಕಡತ, ನೌಕರರ ಹೆಸರು, ಊರು ಎಲ್ಲ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಹೊಸದಕ್ಕೆ ಹಾಕಿದಾಗ ಅರ್ಥವಾಗದ ಅಕ್ಷರ ಬಂದವು. ನಿಮ್ಮಲ್ಲೂ ಇರುತ್ತದೆ, ಈಗಲೇ ನೋಡಿ. ಸ್ಕ್ರೀನ್ ಮೇಲೂ ಕನ್ನಡ ಬೇಕೇ ಬೇಕು. ನಮ್ಮ ಮೆಕ್ಯಾನಿಕ್‌ಗಳಿಗೆ ಗೇರ್ ಬಾಕ್ಸ್ ಸದ್ದು ಕೇಳಿಯೇ ಏನಾಗಿದೆ ಅಂತ ಗೊತ್ತಾಗುತ್ತದೆ, ಇಂಗ್ಲಿಷ್ ಸ್ಕ್ರೀನ್ ಮುಂದೆ ಅವರನ್ನು ತಲೆ ತಗ್ಗಿಸಿ ನಿಲ್ಲಿಸಬಾರದು.

ಕೋಡ್_ಮತ್ತು_ಕಾಫಿ

ಅಕ್ಕ, ನುಡಿ ವಿಷಯ ಸರಿಯಾಗಿ ಹೇಳಿದಿರಿ, ನಾನು ಮರೆತಿದ್ದೆ. ಹಳೆಯ ನುಡಿಯ ಬರಹ ಯೂನಿಕೋಡ್ ಅಲ್ಲ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಅದಕ್ಕೇ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಜೋಡಿಸಿದರೆ ಹೆಸರುಗಳು ಎಲ್ಲೆಲ್ಲೋ ಹೋಗುತ್ತವೆ. ಪರಿವರ್ತಕಗಳು ಇವೆ, ಆದರೆ ಅರ್ಕಾವೊತ್ತು ಇರುವ ಕಡೆ ಕಣ್ಣಿಟ್ಟು ನೋಡಬೇಕು. ಕೀರ್ತಿ, ಪಾರ್ವತಿ, ದುರ್ಗಪ್ಪ ಇಂಥ ಹೆಸರುಗಳನ್ನೇ ಮೊದಲು ಪರೀಕ್ಷೆ ಮಾಡಿ. ಪಿಎಫ್ ಕಾಗದದಲ್ಲಿ ಹೆಸರು ತಪ್ಪಾದರೆ ನೌಕರ ನಿವೃತ್ತಿಯ ದಿನ ಅಲೆಯಬೇಕಾಗುತ್ತದೆ.

ಬಿಲ್ಲೆ_ನಂಬರ್_ಬೇಡ

ನಾನು ಕಂಡಕ್ಟರ್. ಚಿಕ್ಕ ಮಾತು. ಸಂಬಳದ ಚೀಟಿಯಲ್ಲಿ ಓಟಿ ಅಂತ ಒಂದೇ ಮೊತ್ತ ಇರುತ್ತದೆ. ಯಾವ ದಿನ, ಯಾವ ಶೆಡ್ಯೂಲ್, ಎಷ್ಟು ಗಂಟೆ ಅಂತ ಇರುವುದಿಲ್ಲ. ಕೇಳುವುದಕ್ಕೆ ಹೋದರೆ ರಜೆ ಹಾಕಿ ವಿಭಾಗ ಕಚೇರಿಗೆ ಬನ್ನಿ ಅಂತಾರೆ. ಒಂದು ದಿನದ ರಜೆ ಹಾಕಿ ಇನ್ನೂರು ರೂಪಾಯಿ ವಿಚಾರಿಸುವುದು ಹೇಗೆ? ಮೊಬೈಲ್‌ನಲ್ಲಿ ದಿನದ ಲೆಕ್ಕ ಕಂಡರೆ ಸಾಕು ಮೇಡಂ. ಕಟ್ಟಿದ ಕ್ಯಾಶ್‌ಗೂ ಕೌಂಟರ್ ಬಿಡುವ ಮೊದಲೇ ರಸೀದಿ ಮೆಸೇಜ್ ಬರಲಿ. ಬೆಳಗ್ಗೆ ಎದ್ದ ಮೇಲೆ ನಿನ್ನೆ ನಿಮ್ಮದು ಕಡಿಮೆ ಬಂದಿದೆ ಅಂದರೆ ನಾವು ಏನಂತ ಹೇಳುವುದು?

ನಿವೃತ್ತ_ಡಿಎಂ

ಈ ತಮ್ಮ ಹೇಳಿದ್ದನ್ನು ಟೆಂಡರ್‌ನಲ್ಲಿ ಸೇರಿಸಿ ಮೇಡಂ. ಡಿಪೋದಲ್ಲಿ ನಡೆಯುವ ಜಗಳದಲ್ಲಿ ಅರ್ಧ ಇವೇ ಎರಡು.

ಸವಿತಾ_ಲೆಕ್ಕಶಾಖೆ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ನಿನ್ನೆ ಸಮಿತಿ ಸಭೆ ಇತ್ತು.

ಆರು ರಾತ್ರಿಗಳ ಕಾಗದ ತೆಗೆಸಿದ್ದೇವೆ. ವೇಬಿಲ್, ಲಾಗ್ ಶೀಟ್, ಡೀಸೆಲ್ ಚೀಟಿ, ಸ್ಟೋರ್ಸ್ ಇಂಡೆಂಟ್, ಆ ತಿಂಗಳ ಸಂಬಳದ ಹಾಳೆ, ಎಲ್ಲ ಒಂದೊಂದು ರಾತ್ರಿಗೆ ಒಂದೊಂದು ಫೈಲ್, ನೌಕರರ ಹೆಸರು ಮುಚ್ಚಿ. ಒಂದು ವೇಬಿಲ್ ಹಿಂದೆ ಕಂಡಕ್ಟರ್ ಪೆನ್ಸಿಲ್‌ನಲ್ಲಿ ಬರೆದದ್ದು ಹಾಗೇ ಇದೆ, ಮೂರು ಬಸ್ಸಿನ ನಂಬರ್, ಪಕ್ಕದಲ್ಲಿ 12, 8, 5, ಕೆಳಗೆ "ಮಗು ಇದೆ" ಅಂತ. ಅದನ್ನು ನೋಡಿ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷರು, ಈ ಆರು ಫೈಲ್ ಟೆಂಡರ್ ಜೊತೆ ಲಗತ್ತಿಸಿ ಅಂದರು.

ಪರೀಕ್ಷೆ ಡಿಪೋದ ಕ್ಯಾಶ್ ಕೌಂಟರ್‌ನಲ್ಲೇ ನಡೆಯುತ್ತದೆ, ನಮ್ಮ ನೈಟ್ ಗುಮಾಸ್ತರೇ ಕೂರುತ್ತಾರೆ. ಸಂಬಳ ಒಂದೇ ಡಿಪೋದಲ್ಲಿ ಶುರು, ಹಳೆಯದರ ಜೊತೆ ತಾಳೆ ನೋಡಿ ಆಮೇಲೆ ಮುಂದೆ. ಸಂಬಳ ಶಾಖೆಯ ಮೂವರು ಅಲ್ಲೇ ಇರುತ್ತಾರೆ. ಅದಕ್ಕೆ ಒಬ್ಬರು ಜೋರಾಗಿ ಆಕ್ಷೇಪ ಮಾಡಿದರು, ಒಟ್ಟಾವಾದವರು ಬರೆದ ಫೀನಿಕ್ಸ್ ಕಥೆ ಹೇಳಿದೆ, ಸುಮ್ಮನಾದರು. ಓಪನ್ ಸೋರ್ಸ್ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ, ಐದು ಜನರನ್ನು ಕಾಯಂ ಕೊಡುತ್ತೀರಾ ಅಂತ ಕೇಳಿ ಪತ್ರ ಹಾಕಿದ್ದೇವೆ.

ಸ್ಟೋರ್ಸ್ ಅಕ್ಕ, ಬರುವ ಸೋಮವಾರದಿಂದ ನಮ್ಮ ರ‍್ಯಾಕ್ ಎಣಿಕೆ ಶುರು. ಫ್ಯಾನ್ ಬೆಲ್ಟ್ ನಮ್ಮಲ್ಲಿ ನಾಲ್ಕು ಹೆಸರಲ್ಲಿದೆ.